ದೊಡ್ಡವರ ಬೆಲ್ಟು, ಮಕ್ಕಳ ಸೊಂಟ

ಕಾರಿನ ಸೀಟ್ ಬೆಲ್ಟನ್ನು ಅಳತೆ ಹಿಡಿದು ಮಾಡಿರುವುದು ದೊಡ್ಡವರ ಮೈಗೆ. ಕೆಳಗಿನ ಪಟ್ಟಿ ಸೊಂಟದ ಎರಡೂ ಬದಿಯ ಗಟ್ಟಿ ಎಲುಬಿನ ಮೇಲೆ ಕೂರಬೇಕು, ಮೇಲಿನದು ಹೆಗಲಿನ ನಡುವಿನಿಂದ ಇಳಿದು ಎದೆಯನ್ನು ಹಾದುಹೋಗಬೇಕು. ಆರು ವರ್ಷದ ಹುಡುಗಿಯನ್ನು ಅದೇ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ ನೋಡಿ. ಮೇಲಿನ ಪಟ್ಟಿ ಕುತ್ತಿಗೆಗೆ ಉಜ್ಜುತ್ತದೆ. ಎರಡು ನಿಮಿಷದಲ್ಲಿ ಅವಳು ಅದನ್ನು ತೆಗೆದು ಬೆನ್ನ ಹಿಂದೆ ಹಾಕಿಕೊಳ್ಳುತ್ತಾಳೆ. ಸೀಟು ಅವಳ ತೊಡೆಗಿಂತ ಉದ್ದ, ಮಂಡಿ ಮಡಚಲು ಆಗುವುದಿಲ್ಲ, ಹಾಗಾಗಿ ಮುಂದಕ್ಕೆ ಜಾರಿ ಕೂರುತ್ತಾಳೆ. ಸೊಂಟದ ಮೇಲಿರಬೇಕಾದ ಪಟ್ಟಿ ಆಗ ಹೊಟ್ಟೆಯ ಮೇಲೆ ಬಂದಿರುತ್ತದೆ.

ಡಿಕ್ಕಿಯಾದ ಕ್ಷಣದಲ್ಲಿ ಮಗುವಿನ ಇಡೀ ಭಾರವನ್ನು ತಡೆಯುವುದು ಆ ಪಟ್ಟಿಯೇ. ಎಲುಬಿನ ಮೇಲಿದ್ದರೆ ಎಲುಬು ತಡೆದುಕೊಳ್ಳುತ್ತದೆ. ಹೊಟ್ಟೆಯ ಮೇಲಿದ್ದರೆ ಕರುಳು ಹರಿಯಬಹುದು, ಬೆನ್ನುಮೂಳೆ ಸೊಂಟದ ಹತ್ತಿರ ಮುರಿಯಬಹುದು. ಈ ಎರಡೂ ಗಾಯ ಒಟ್ಟಿಗೆ ಕಾಣಿಸಿಕೊಳ್ಳುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದಕ್ಕೆ ‘ಸೀಟ್ ಬೆಲ್ಟ್ ಸಿಂಡ್ರೋಮ್’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಹಾಗೆಂದು ಬೆಲ್ಟ್ ಹಾಕದಿರುವುದು ವಾಸಿಯೆಂದಲ್ಲ. ಹಾಕದ ಮಗುವಿನ ಗತಿ ಇನ್ನೂ ಕೆಟ್ಟದು. ಬೆಲ್ಟು ಸರಿಯಾದ ಜಾಗದಲ್ಲಿ ಕೂರುವಂತೆ ಮಾಡಬೇಕು, ಅಷ್ಟೇ. ಬೂಸ್ಟರ್ ಸೀಟು ಮಾಡುವುದು ಇದೊಂದೇ ಕೆಲಸ. ಅದು ಮಗುವನ್ನು ತಾನಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ಹತ್ತು–ಹದಿನೈದು ಸೆಂಟಿಮೀಟರ್ ಎತ್ತರಿಸಿ ಕೂರಿಸಿ, ಕಾರಿನ ಬೆಲ್ಟೇ ಅದನ್ನು ಹಿಡಿಯುವಂತೆ ಮಾಡುತ್ತದೆ. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಬರಿಯ ಬೆಲ್ಟಿಗಿಂತ ಬೂಸ್ಟರ್ ಜೊತೆಗಿನ ಬೆಲ್ಟು ಗಾಯದ ಅಪಾಯವನ್ನು ಶೇ 45ರಷ್ಟು ತಗ್ಗಿಸುತ್ತದೆ ಎಂದು ಅಮೆರಿಕದ ಅಪಘಾತಗಳ ಅಧ್ಯಯನ ಹೇಳಿದೆ. ಪ್ಲಾಸ್ಟಿಕ್ಕಿನ ಒಂದು ಮಣೆಯಿಂದ ಇಷ್ಟು ಲಾಭ!

ಮಡಿಲಿನ ಲೆಕ್ಕ

ನಮ್ಮ ಕಡೆ ಈ ಮಾತೆತ್ತಿದರೆ ಮೊದಲು ಎದುರಾಗುವುದು ಬೆಲೆಯ ಪ್ರಶ್ನೆಯಲ್ಲ, ಅಜ್ಜಿಯ ಮಡಿಲು. “ಅಳ್ತಾ ಇದೆ ಕಣೋ ಪಾಪು, ಬಿಚ್ಚಿ ಕೊಡು, ನಾನು ಗಟ್ಟಿಯಾಗಿ ಹಿಡ್ಕೋತೀನಿ” ಎನ್ನುವ ಮಾತನ್ನು ತಳ್ಳಿಹಾಕುವುದು ಯಾವ ಮಗನಿಗೂ ಸೊಸೆಗೂ ಸುಲಭವಲ್ಲ. ಆ ಮಾತಿನಲ್ಲಿರುವ ಪ್ರೀತಿಯ ಬಗ್ಗೆ ಯಾರಿಗೂ ಅನುಮಾನವಿಲ್ಲ, ತಕರಾರಿರುವುದು ಲೆಕ್ಕದಲ್ಲಿ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಗೋಡೆಗೆ ಗುದ್ದಿತು ಎಂದುಕೊಳ್ಳಿ. ಮುಂಭಾಗ ಅರ್ಧ ಮೀಟರಿಗಿಂತ ತುಸು ಹೆಚ್ಚು ನಜ್ಜುಗುಜ್ಜಾಗುವಷ್ಟರಲ್ಲಿ, ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ಕಾರು ನಿಂತಿರುತ್ತದೆ. ಆದರೆ ಒಳಗಿರುವವರ ಮೈ ಇನ್ನೂ 50ರಲ್ಲೇ ಮುಂದಕ್ಕೆ ಹೋಗುತ್ತಿರುತ್ತದೆ. ಹತ್ತು ಕೆಜಿಯ ಮಗುವನ್ನು ಆಗ ಹಿಡಿದು ನಿಲ್ಲಿಸಲು ಬೇಕಾದ ಬಲ ಸುಮಾರು 150 ಕೆಜಿ ತೂಕವನ್ನು ಎತ್ತಿಹಿಡಿಯುವಷ್ಟು. ಅದೂ ಯಾವ ಮುನ್ಸೂಚನೆಯೂ ಇಲ್ಲದೆ, ಕಣ್ಣು ಮಿಟುಕಿಸುವ ಹೊತ್ತಿನಲ್ಲಿ. ಗರಡಿಯಲ್ಲಿ ಸಾಮು ಮಾಡಿದವರ ಕೈಯಿಂದಲೂ ಮಗು ಹಾರಿಹೋಗುತ್ತದೆ. ಇನ್ನು ಮಡಿಲಲ್ಲಿ ಕೂರಿಸಿಕೊಂಡವರೇ ಬೆಲ್ಟ್ ಹಾಕಿರದಿದ್ದರೆ ಅವರ ಮೈಭಾರವೆಲ್ಲ ಮಗುವಿನ ಮೇಲೆ ಬಂದು ಮುಂದಿನ ಸೀಟಿಗೆ ಅದನ್ನು ಒತ್ತುತ್ತದೆ. ತಾವು ಹಾಕಿಕೊಂಡ ಬೆಲ್ಟಿನೊಳಗೆ ಮಗುವನ್ನೂ ಸೇರಿಸಿಕೊಳ್ಳುವವರಿದ್ದಾರೆ. ಪಟ್ಟಿ ಆಗ ಮಗುವಿನ ಹೊಟ್ಟೆಯ ಮೇಲಿರುತ್ತದೆ, ಹಿಂದಿನಿಂದ ದೊಡ್ಡವರ ಭಾರ ಬೀಳುತ್ತದೆ. ಎರಡರ ನಡುವೆ ಮಗು ಅಪ್ಪಚ್ಚಿ.

50 ಎಂದರೆ ಊರೊಳಗಿನ ವೇಗ ಅನ್ನಿಸಬಹುದು. ಆ ವೇಗದ ಗುದ್ದು ಮೂರನೇ ಮಹಡಿಯಿಂದ ಬಿದ್ದುದಕ್ಕೆ ಸಮ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿಯೇ 100. ವೇಗ ಎರಡು ಪಟ್ಟಾದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟು. ಊರೊಳಗಿನ 50ರಲ್ಲೇ ಗುದ್ದು ಇಷ್ಟಿರುವಾಗ “ಇಲ್ಲೇ ಮಾರ್ಕೆಟ್ಟಿಗೆ ತಾನೆ” ಎಂಬ ಸಬೂಬು ನಿಲ್ಲುವುದಿಲ್ಲ.

ಯಾವ ವಯಸ್ಸಿಗೆ ಯಾವುದು

ವಯಸ್ಸಿನ ಲೆಕ್ಕ ಅಂದಾಜಿಗೆ ಮಾತ್ರ. ನಿಜವಾಗಿ ನೋಡಬೇಕಾದದ್ದು ಎತ್ತರ ಮತ್ತು ತೂಕ, ಅದರಲ್ಲೂ ಕೊಂಡ ಸೀಟಿನ ಮೇಲೆ ಬರೆದಿರುವ ಮಿತಿ.

ಹುಟ್ಟಿದ ಮಗು ಹಿಮ್ಮುಖವಾಗಿ, ಅಂದರೆ ಕಾರಿನ ಹಿಂಭಾಗದ ಗಾಜನ್ನು ನೋಡುತ್ತ ಕೂರಬೇಕು. ಎಳೆಗೂಸಿನ ತಲೆಯೇ ಮೈಯ ಉದ್ದದಲ್ಲಿ ಸುಮಾರು ಕಾಲು ಭಾಗ. ಕತ್ತಿನ ಮೂಳೆಗಳು ಇನ್ನೂ ಮೆದು. ಮುಂದೆ ಮುಖ ಮಾಡಿ ಕೂತ ಮಗುವಿನ ಎದೆಯನ್ನು ಪಟ್ಟಿ ಹಿಡಿದರೂ ತಲೆ ಮುಂದಕ್ಕೆ ಎಗರುತ್ತದೆ, ಆ ಸೆಳೆತವೆಲ್ಲ ಕತ್ತಿನ ಮೇಲೆ. ಹಿಮ್ಮುಖವಾಗಿ ಕೂತರೆ ಸೀಟಿನ ಚಿಪ್ಪೇ ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ಆನಿಸಿಕೊಳ್ಳುತ್ತದೆ. ಈ ಯೋಚನೆ ಹೊಳೆದದ್ದು ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರಾಧ್ಯಾಪಕರಿಗೆ, 1960ರ ದಶಕದಲ್ಲಿ, ಅಮೆರಿಕದ ಜೆಮಿನಿ ನೌಕೆಯ ಗಗನಯಾತ್ರಿಗಳು ಮೇಲಕ್ಕೇರುವಾಗ ಬೆನ್ನು ಆನಿಸಿ ಮಲಗುತ್ತಿದ್ದ ಸೀಟನ್ನು ಕಂಡು. ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ಕಾರಿಗೆ ತಂದ ನಿಲ್ಸ್ ಬೋಲಿನ್ ಕೂಡ ಸ್ವೀಡನ್ನಿನವರೇ. ಅವರ ಕಂಪನಿ ವೋಲ್ವೋ ಆ ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ನಿಮ್ಮ ಕಾರಿನಲ್ಲಿರುವುದೂ ಅದೇ ವಿನ್ಯಾಸ.

ಯುರೋಪಿನ ಹೊಸ ನಿಯಮ, ಅಂದರೆ ಆರ್129, ಕನಿಷ್ಠ 15 ತಿಂಗಳ ತನಕ ಹಿಮ್ಮುಖ ಎನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ, ಸೀಟಿನ ಮಿತಿ ಮುಗಿಯುವ ತನಕ, ಆದಷ್ಟು ಹೆಚ್ಚು ಕಾಲ ಎನ್ನುತ್ತದೆ. ನನ್ನ ಮತ ಎರಡನೆಯದಕ್ಕೆ. “ಕಾಲು ಚಾಚೋಕೆ ಜಾಗ ಇಲ್ವಲ್ಲ” ಎಂದು ಅಪ್ಪ-ಅಮ್ಮಂದಿರು ಒಂದೇ ವರ್ಷಕ್ಕೆ ಸೀಟು ತಿರುಗಿಸಿಬಿಡುತ್ತಾರೆ. ಚಕ್ಕಳಮಕ್ಕಳ ಹಾಕಿಕೊಂಡು ಗಂಟೆಗಟ್ಟಲೆ ನೆಲದ ಮೇಲೆ ಆಡುವ ಮಗುವಿಗೆ ಕಾರಿನಲ್ಲಿ ಕಾಲು ಮಡಚುವುದು ಕಷ್ಟವೇ? ಕಾಲಿನ ಗಾಯಕ್ಕೂ ಕತ್ತಿನ ಗಾಯಕ್ಕೂ ಹೋಲಿಕೆಯೂ ಇಲ್ಲ.

ಹಿಮ್ಮುಖ ಸೀಟಿನ ಮಿತಿ ದಾಟಿದ ಮೇಲೆ ಮುಮ್ಮುಖ ಸೀಟು. ಇದರಲ್ಲಿ ಸೀಟಿಗೇ ಸೇರಿದ ಐದು ಪಟ್ಟಿಗಳ ಹಾರ್ನೆಸ್ ಇರುತ್ತದೆ: ಎರಡು ಹೆಗಲಿಗೆ, ಎರಡು ಸೊಂಟಕ್ಕೆ, ಒಂದು ಕಾಲ ಸಂದಿಗೆ. ಹಳೆಯ ಆರ್44 ನಿಯಮದ ಸೀಟುಗಳಲ್ಲಿ ಇದು ಸಾಮಾನ್ಯವಾಗಿ 18 ಕೆಜಿಯ ತನಕ ನಡೆಯುತ್ತದೆ, ಅಂದರೆ ಸರಿಸುಮಾರು ನಾಲ್ಕು ವರ್ಷ. ಆಮೇಲೆ ಬೂಸ್ಟರ್.

ಎಷ್ಟು ದಿನ ಬೂಸ್ಟರ್ ಎಂದು ಕೇಳಿದರೆ ನಮ್ಮವರು ಬೆಚ್ಚುತ್ತಾರೆ. ಬ್ರಿಟನ್ನಿನಲ್ಲಿ 135 ಸೆಂ.ಮೀ. ಎತ್ತರ ಇಲ್ಲವೇ 12 ವರ್ಷ, ಯಾವುದು ಮೊದಲೋ ಅದು. ಜರ್ಮನಿಯಲ್ಲಿ 150 ಸೆಂ.ಮೀ. ಅಥವಾ 12 ವರ್ಷ. ಅಮೆರಿಕದ ವೈದ್ಯರ ಸಲಹೆ 4 ಅಡಿ 9 ಇಂಚು, ಅಂದರೆ 145 ಸೆಂ.ಮೀ. ನಮ್ಮ ಬಹಳಷ್ಟು ಮಕ್ಕಳು ಆ ಎತ್ತರ ಮುಟ್ಟುವುದು ಹನ್ನೊಂದು–ಹನ್ನೆರಡರ ಹೊತ್ತಿಗೆ. ಐದನೇ ಕ್ಲಾಸಿನ ಹುಡುಗನನ್ನು ಬೂಸ್ಟರ್ ಮೇಲೆ ಕೂರು ಎಂದರೆ “ನಾನೇನು ಪಾಪುನಾ?” ಎಂದು ಮುಖ ಊದಿಸುತ್ತಾನೆ. ಅವನಿಗೆ ಬೆನ್ನಿಲ್ಲದ ಮಣೆಯಂಥ ಬೂಸ್ಟರ್ ಕೊಡಿ, ಹೊರಗಿನಿಂದ ಕಾಣುವುದಿಲ್ಲ. ಕಿಟಕಿಯಾಚೆ ಚೆನ್ನಾಗಿ ಕಾಣುತ್ತದೆ ಎಂಬ ಆಸೆಯನ್ನೂ ತೋರಿಸಿ.

ಟೇಪು ಹಿಡಿಯುವುದಕ್ಕಿಂತ ಒಳ್ಳೆಯ ಪರೀಕ್ಷೆ ಕಾರಿನಲ್ಲೇ ಇದೆ. ಬೂಸ್ಟರ್ ಇಲ್ಲದೆ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ಬೆನ್ನು ಪೂರ್ತಿ ಒರಗಿದಾಗ ಮಂಡಿ ಸೀಟಿನ ಅಂಚಿನಲ್ಲಿ ಸಲೀಸಾಗಿ ಮಡಚುತ್ತದೆಯೇ? ಕೆಳಪಟ್ಟಿ ಹೊಟ್ಟೆಗೆ ಏರದೆ ತೊಡೆಯ ಬುಡಕ್ಕೆ ತಾಗಿದಂತೆ ಇದೆಯೇ? ಮೇಲ್ಪಟ್ಟಿ ಕತ್ತಿಗೂ ತೋಳಿಗೂ ನಡುವೆ, ಹೆಗಲಿನ ಮೇಲೆ ಇದೆಯೇ? ಕೊನೆಯದೇ ಮುಖ್ಯ: ಪ್ರಯಾಣ ಮುಗಿಯುವ ತನಕ ಮಗು ಹೀಗೇ ಕೂತಿರುತ್ತದೆಯೇ? ಒಂದಕ್ಕೆ ‘ಇಲ್ಲ’ ಬಂದರೂ ಬೂಸ್ಟರ್ ಬೇಕು. ಒಂದು ಕಾರಿನಲ್ಲಿ ಪಾಸಾದ ಮಗು ಮಾವನ ಕಾರಿನಲ್ಲಿ ಫೇಲಾಗಬಹುದು, ಸೀಟಿನ ಉದ್ದ ಒಂದೊಂದು ಕಾರಿಗೆ ಒಂದೊಂದು.

ಅಂಗಡಿಯಲ್ಲಿ

ಕೊಳ್ಳುವಾಗ ಬಣ್ಣ, ಮೆತ್ತೆ, ಲೋಟ ಇಡುವ ಜಾಗ ಇವನ್ನೆಲ್ಲ ಬದಿಗಿಟ್ಟು ಮೊದಲು ಲೇಬಲ್ ಹುಡುಕಿ. ವೃತ್ತದೊಳಗೆ ‘ಇ’ ಅಕ್ಷರವನ್ನು ಇಂಗ್ಲಿಷಿನಲ್ಲಿ ಬರೆದು ಪಕ್ಕದಲ್ಲೊಂದು ಸಂಖ್ಯೆ, ಜೊತೆಗೆ ಆರ್44/04 ಅಥವಾ ಆರ್129 ಎಂದಿರಬೇಕು. ಭಾರತದ ಮಾನದಂಡದ ಹೆಸರು ಎಐಎಸ್-072. ಇವು ಯಾವುದೂ ಇಲ್ಲದ, ಮೆತ್ತೆಗೆ ನಾಲ್ಕು ಪಟ್ಟಿ ಹೊಲಿದು ‘ಕಾರ್ ಸೀಟ್’ ಎಂದು ಕರೆದ ಬಟ್ಟೆಯ ಸರಕು ಆನ್‌ಲೈನಿನಲ್ಲಿ ಬಹಳ ಅಗ್ಗಕ್ಕೆ ಸಿಗುತ್ತದೆ. ಅದಕ್ಕೆ ಗಟ್ಟಿ ಚಿಪ್ಪೇ ಇಲ್ಲ, ಪಟ್ಟಿಯ ಹೊಲಿಗೆ ಬಿಟ್ಟುಕೊಳ್ಳುವುದಿಲ್ಲವೆಂಬ ಭರವಸೆಯೂ ಇಲ್ಲ. ದುಡ್ಡು ಉಳಿಸುವುದಿದ್ದರೆ ಮಾನದಂಡದ ಲೇಬಲ್ ಇರುವ ಸಾದಾ ಸೀಟು ತೆಗೆದುಕೊಳ್ಳಿ. ದುಬಾರಿ ಸೀಟಿನಲ್ಲಿ ಹೆಚ್ಚಿನ ದುಡ್ಡು ಬಹಳ ಸಲ ಹೋಗುವುದು ಬಟ್ಟೆಗೆ, ತಿರುಗುವ ಚಕ್ರಕ್ಕೆ.

ಬೂಸ್ಟರಿನಲ್ಲಿ ಎರಡು ಬಗೆ: ಬೆನ್ನು ಇರುವುದು, ಇಲ್ಲದಿರುವುದು. ಮಗು ಚಿಕ್ಕದಿರುವಾಗ ಬೆನ್ನಿರುವುದೇ ಮೇಲು. ತಲೆಯ ಪಕ್ಕದ ರೆಕ್ಕೆಗಳು ಬದಿಯ ಗುದ್ದಿನಿಂದ ಒಂದಷ್ಟು ಕಾಯುತ್ತವೆ. ಇದಕ್ಕಿಂತ ದಿನನಿತ್ಯದ ಕಾರಣ ಒಂದಿದೆ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ದಾರಿಯಲ್ಲಿ ಯಾವ ಮಗು ಎಚ್ಚರವಿರುತ್ತದೆ? ನಿದ್ದೆ ಹೋದ ಮಗು ಬೆನ್ನಿಲ್ಲದ ಬೂಸ್ಟರಿನಿಂದ ಪಕ್ಕಕ್ಕೆ ವಾಲುತ್ತದೆ, ಬೆಲ್ಟು ಹೆಗಲಿನಿಂದ ಜಾರಿಬಿಡುತ್ತದೆ. ಬ್ರಿಟನ್ನಿನಲ್ಲಿ 2017ರಿಂದ ಹೊಸದಾಗಿ ಮಾರುಕಟ್ಟೆಗೆ ಬರುವ ಬೆನ್ನಿಲ್ಲದ ಬೂಸ್ಟರ್‌ಗಳನ್ನು 125 ಸೆಂ.ಮೀ. ಎತ್ತರ, 22 ಕೆಜಿ ದಾಟಿದ ಮಕ್ಕಳಿಗಷ್ಟೇ ಮೀಸಲಿಟ್ಟಿದ್ದಾರೆ. ಒಳ್ಳೆಯ ಅಳತೆಗೋಲು ಅದು.

ಮನೆಯ ದಿಂಬು ಮಡಚಿ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಆಗದು. ದಿಂಬು ಅಮುಕುತ್ತದೆ, ಜಾರುತ್ತದೆ, ಮಗು ಬೆಲ್ಟಿನ ಅಡಿಯಿಂದ ನುಸುಳಿಹೋಗುತ್ತದೆ. ಬೂಸ್ಟರಿಗೆ ಬೆಲ್ಟನ್ನು ಕೆಳಗೇ ಹಿಡಿದಿಡುವ ಕೊಂಬಿನಂಥ ಎರಡು ತೋಳುಗಳಿರುತ್ತವೆ. ಕೆಲಸ ಮಾಡುವುದು ಅವು. ಬೆಲ್ಟು ಕುತ್ತಿಗೆಗೆ ತಾಗದಂತೆ ಕೆಳಕ್ಕೆ ಎಳೆದು ಹಿಡಿಯುವ ತ್ರಿಕೋನದ ಬಟ್ಟೆಯ ಕ್ಲಿಪ್ಪೂ ಸಿಗುತ್ತದೆ. ಅದು ಕೆಳಪಟ್ಟಿಯನ್ನು ಹೊಟ್ಟೆಯ ಮೇಲಕ್ಕೆ ಎಳೆಯುತ್ತದೆ, ಬೇಡ.

ಬಳಸಿದ ಸೀಟು ಕೊಳ್ಳಬಹುದೇ? ಅಕ್ಕನ ಮನೆಯದಾದರೆ, ಅದು ಅಪಘಾತ ಕಂಡಿಲ್ಲವೆಂದು ಖಾತ್ರಿಯಿದ್ದರೆ, ಚಿಪ್ಪಿನ ಮೇಲೆ ಅಚ್ಚೊತ್ತಿದ ಅವಧಿ ಮುಗಿದಿಲ್ಲವಾದರೆ ಸರಿ. ಬಿಸಿಲಿಗೆ ನಿಲ್ಲುವ ಕಾರಿನಲ್ಲಿ ಪ್ಲಾಸ್ಟಿಕ್ ವರ್ಷ ಕಳೆದಂತೆ ಬಿರುಸಾಗುತ್ತದೆ, ಅದಕ್ಕೇ ಅವಧಿ. ಗುರುತಿಲ್ಲದವರಿಂದ ಮಾತ್ರ ಬೇಡ.

ಅಮೆರಿಕದಿಂದ ವಾಪಸಾಗುವವರಿಗೆ ಒಂದು ಮಾತು. ಅಲ್ಲಿ ಆಸ್ಪತ್ರೆಯವರು ಬಾಣಂತಿಯನ್ನು ಮನೆಗೆ ಕಳಿಸುವ ಮುನ್ನ ಕಾರ್ ಸೀಟ್ ಇದೆಯೇ ಎಂದು ಕೇಳುವುದು ರೂಢಿ, ಬಾಣಂತನಕ್ಕೆಂದು ಹಾರಿಹೋದ ನಮ್ಮ ಎಷ್ಟೋ ಅಜ್ಜಿಯರು ಈ ವಸ್ತುವನ್ನು ಮೊದಲು ಕಂಡದ್ದೇ ಅಲ್ಲಿ. ವಾಪಸಾಗುವವರು ಬರುವಾಗ ಅದೇ ಸೀಟನ್ನು ಹೊತ್ತು ತರುತ್ತಾರೆ. ಅಲ್ಲಿನ ಕಾರುಗಳ ಬೆಲ್ಟನ್ನು ಪೂರ್ತಿ ಎಳೆದುಬಿಟ್ಟರೆ ಅದು ಬಿಗಿದು ಲಾಕ್ ಆಗುತ್ತದೆ, ಸೀಟುಗಳು ಅದನ್ನು ನೆಚ್ಚಿಕೊಂಡಿರುತ್ತವೆ. ನಮ್ಮಲ್ಲಿನ ಬಹುತೇಕ ಕಾರುಗಳ ಬೆಲ್ಟು ಜಗ್ಗಿದಾಗ ಮಾತ್ರ ಹಿಡಿಯುತ್ತದೆ, ಉಳಿದ ಹೊತ್ತು ಸಡಿಲ. ಆ ಸೀಟು ಇಲ್ಲಿ ಅಲುಗಾಡದಂತೆ ಕೂರುತ್ತದೆಯೋ ನೋಡಿಕೊಳ್ಳದೆ ವಿಮಾನದ ಲಗೇಜಿಗೆ ಕಾಸು ಸುರಿಯಬೇಡಿ.

ಕಾರಿಗೆ ಕಟ್ಟುವುದು

ಹಿಂದಿನ ಸೀಟಿನ ಕಿಟಕಿ ಬದಿಯ ಜಾಗದಲ್ಲಿ, ಕೂರುವ ಮೆತ್ತೆಗೂ ಒರಗುವ ಮೆತ್ತೆಗೂ ನಡುವಿನ ಸಂದಿಗೆ ಕೈ ಹಾಕಿ. ಎರಡು ಉಕ್ಕಿನ ಬಳೆಗಳು ಸಿಕ್ಕರೆ ನಿಮ್ಮ ಕಾರಿಗೆ ಐಸೋಫಿಕ್ಸ್ ಇದೆ. ಈಚಿನ ಕಾರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಸಂದಿಯ ಬಳಿ ಮಗುವಿನ ಚಿತ್ರದ ಪುಟ್ಟ ಗುರುತೂ ಇರುತ್ತದೆ. ಐಸೋಫಿಕ್ಸ್ ಇರುವ ಮಕ್ಕಳ ಸೀಟಿನ ಎರಡು ಕೊಕ್ಕೆಗಳನ್ನು ಅಲ್ಲಿಗೆ ತಳ್ಳಿದರೆ ‘ಕ್ಲಿಕ್’ ಎಂದು ಕೂತು, ಹಸಿರು ಗುರುತು ಕಾಣಿಸುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ಮುಮ್ಮುಖ ಸೀಟು ಮುಂದಕ್ಕೆ ಮಗುಚಿಕೊಳ್ಳದಂತೆ ಮೇಲಿನಿಂದ ಒಂದು ಪಟ್ಟಿ, ಟಾಪ್ ಟೆದರ್, ಡಿಕ್ಕಿಯೊಳಗೋ ಸೀಟಿನ ಬೆನ್ನಿಗೋ ಇರುವ ಕೊಂಡಿಗೆ ಹೋಗಬೇಕು. ಕೆಲವು ಸೀಟುಗಳಿಗೆ ಅದರ ಬದಲು ನೆಲಕ್ಕೆ ಊರುವ ಕಾಲಿರುತ್ತದೆ. ಎರಡರಲ್ಲಿ ಯಾವುದು ನಿಮ್ಮದೋ ಅದನ್ನು ಬಿಟ್ಟುಬಿಡುವುದು ಅರ್ಧ ಕೆಲಸ ಮಾಡಿದಂತೆ.

ಐಸೋಫಿಕ್ಸ್ ಇಲ್ಲದ ಹಳೆ ಕಾರಿನವರು ಗಾಬರಿಯಾಗಬೇಕಿಲ್ಲ. ಕಾರಿನ ಬೆಲ್ಟಿನಿಂದ ಕಟ್ಟುವ ಸೀಟುಗಳೂ ಸರಿಯಾಗಿ ಕಟ್ಟಿದರೆ ಚೆನ್ನಾಗಿಯೇ ಕಾಯುತ್ತವೆ. ಬೆಲ್ಟು ಹೋಗುವ ದಾರಿಯನ್ನು ಬಣ್ಣದಲ್ಲಿ ತೋರಿಸಿರುತ್ತಾರೆ, ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ದಾರಿ ತಪ್ಪಿಸಿದರೆ ಸೀಟು ನಿಲ್ಲುವುದಿಲ್ಲ. ಸೀಟಿನ ಮೇಲೆ ಮಂಡಿ ಊರಿ, ಭಾರ ಬಿಟ್ಟು, ಬೆಲ್ಟಿನ ಸಡಿಲವನ್ನೆಲ್ಲ ಎಳೆಯಿರಿ. ಆಮೇಲೆ ಬೆಲ್ಟು ಹಾದುಹೋಗುವ ಜಾಗದಲ್ಲೇ ಸೀಟನ್ನು ಹಿಡಿದು ಅಲುಗಿಸಿ. ಒಂದು ಇಂಚಿಗಿಂತ ಹೆಚ್ಚು ಆಡಿದರೆ ಮತ್ತೆ ಮೊದಲಿಂದ. ಬೂಸ್ಟರಿಗೆ ಈ ಗೋಳಿಲ್ಲ, ಆದರೆ ಅದಕ್ಕೆ ಹೆಗಲಿನ ಪಟ್ಟಿ ಇರಲೇಬೇಕು. ಹಳೆಯ ಕಾರುಗಳ ನಡುವಿನ ಜಾಗದಲ್ಲಿ ಸೊಂಟದ ಪಟ್ಟಿ ಮಾತ್ರ ಇರುತ್ತದೆ, ಅಲ್ಲಿ ಬೂಸ್ಟರ್ ಹಾಕಕೂಡದು.

ನಮ್ಮಲ್ಲೇ ಹುಟ್ಟಿದ ಇನ್ನೊಂದು ತೊಂದರೆ ಸೀಟ್ ಕವರ್. ಷೋರೂಮಿನಿಂದ ಹೊರಬಂದ ಮರುದಿನವೇ ರೆಕ್ಸಿನ್ ಕವರ್ ಹೊದಿಸಿ, ಹಿಂದಿನ ಬಕಲ್‌ಗಳನ್ನು ಅದರಡಿ ಹೂತುಬಿಡುತ್ತಾರೆ. ಐಸೋಫಿಕ್ಸ್ ಬಳೆಗಳೂ ಅಲ್ಲೇ ಸಮಾಧಿ. ಅಂಗಡಿಯವನಿಗೆ ಹೇಳಿ ಕತ್ತರಿ ಹಾಕಿಸಿ.

ಮಗುವನ್ನು ಕೂರಿಸಿದ ಮೇಲೆ ಹಾರ್ನೆಸ್ ಬಿಗಿಯಾಗಿದೆಯೇ ಎಂದು ತಿಳಿಯಲು ಹೆಗಲಿನ ಬಳಿ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಸಡಿಲ. ಹಿಮ್ಮುಖ ಸೀಟಿನಲ್ಲಿ ಪಟ್ಟಿ ಹೆಗಲಿನ ಮಟ್ಟದಿಂದ ಅಥವಾ ಅದಕ್ಕಿಂತ ಕೆಳಗಿನಿಂದ ಬರಬೇಕು, ಮುಮ್ಮುಖದಲ್ಲಿ ಹೆಗಲಿನ ಮಟ್ಟದಿಂದ ಅಥವಾ ಮೇಲಿನಿಂದ. ಮಡಿಕೇರಿಯ ಚಳಿಗೆ ತೊಡಿಸಿದ ದಪ್ಪ ಸ್ವೆಟರಿನ ಮೇಲೆ ಪಟ್ಟಿ ಬಿಗಿದರೆ ಬಿಗಿಯಾದದ್ದು ಉಣ್ಣೆ ಮಾತ್ರ, ಮಗುವಲ್ಲ. ತೆಳು ಬಟ್ಟೆಯಲ್ಲಿ ಕಟ್ಟಿ, ಆಮೇಲೆ ಮೇಲಿನಿಂದ ಶಾಲು ಹೊದಿಸಿ. ರಾಯಚೂರು–ಕಲಬುರಗಿಯವರಿಗೆ ತದ್ವಿರುದ್ಧ ಚಿಂತೆ: ಬಿಸಿಲಲ್ಲಿ ನಿಂತ ಕಾರಿನ ಲೋಹದ ಬಕಲ್ ಮಗುವಿನ ಚರ್ಮ ಸುಡುತ್ತದೆ. ಇಳಿಯುವಾಗ ಸೀಟಿನ ಮೇಲೆ ಒಂದು ಬಿಳಿ ಬಟ್ಟೆ ಹಾಕಿ, ಹತ್ತುವ ಮುನ್ನ ಬಕಲ್ ಮುಟ್ಟಿ ನೋಡಿ.

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದಿರಲಿ: ಹಿಮ್ಮುಖ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬೇಡಿ. ಏರ್‌ಬ್ಯಾಗ್ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಉಬ್ಬುತ್ತದೆ, ಮಗುವಿನ ತಲೆಯ ಹಿಂದಿನ ಚಿಪ್ಪು ಅದಕ್ಕೆ ಆತುಕೊಂಡಂತೆ ಇರುತ್ತದೆ. ಆ ಹೊಡೆತವೇ ಪ್ರಾಣ ತೆಗೆಯಬಲ್ಲದು. ಭಾರತದಲ್ಲಿ ಈಗ ಬರುವ ಎಲ್ಲ ಹೊಸ ಕಾರುಗಳಿಗೂ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ. ಸನ್ ವೈಸರ್ ಮೇಲಿನ ಕೆಂಪು ಗೆರೆ ಎಳೆದ ಮಗುವಿನ ಚಿತ್ರ ಹೇಳುವುದು ಇದನ್ನೇ. ಹದಿಮೂರು ತುಂಬುವ ತನಕ ಮಕ್ಕಳಿಗೆ ಹಿಂದಿನ ಸೀಟೇ ಸರಿ.

ಆರು ಜನ, ಐದು ಸೀಟು

ಪುಸ್ತಕದ ಮಾತೆಲ್ಲ ಸರಿ, ನಮ್ಮ ಮನೆಯವರು ಹೊರಡುವುದು ಹೇಗೆ? ಗಂಡ, ಹೆಂಡತಿ, ಎರಡು ಮಕ್ಕಳು, ಅಜ್ಜ, ಅಜ್ಜಿ. ಧರ್ಮಸ್ಥಳಕ್ಕೋ ಮದುವೆಗೋ ಐದು ಸೀಟಿನ ಕಾರು. ಆರನೆಯವರಿಗೆ ಬೆಲ್ಟೇ ಇಲ್ಲ. ಈ ಲೆಕ್ಕಕ್ಕೆ ಜಾಣ ಉತ್ತರ ಯಾವುದೂ ಇಲ್ಲ. ಏಳು ಸೀಟಿನ ಬಾಡಿಗೆ ಗಾಡಿ ಮಾಡಬೇಕು, ಇಲ್ಲವೇ ಇಬ್ಬರು ಬಸ್ಸು ಹತ್ತಬೇಕು. ಏಳು ಸೀಟಿನ ಗಾಡಿಯಲ್ಲೂ ಮಕ್ಕಳ ಸೀಟು ನಡುವಿನ ಸಾಲಿಗೆ, ದೊಡ್ಡವರು ಹಿಂದಿನ ಸಾಲಿಗೆ. ಮೂರನೇ ಸಾಲಿನಲ್ಲಿ ಐಸೋಫಿಕ್ಸ್ ಇರುವ ಗಾಡಿಗಳು ಕಡಿಮೆ. ಜೀಪಿನಂಥ ಗಾಡಿಗಳ ಹಿಂಭಾಗದ ಎದುರುಬದುರು ಬೆಂಚಿನ ಮೇಲಂತೂ ಯಾವ ಮಕ್ಕಳ ಸೀಟೂ ಕಟ್ಟುವಂತಿಲ್ಲ.

ಕಾರಿನಲ್ಲಿ ಐದೇ ಜನ ಇದ್ದರೂ ದೊಡ್ಡವರ ಬೆಲ್ಟು ಮಗುವಿನ ವಿಷಯವೇ. ಬೆಲ್ಟ್ ಹಾಕದೆ ಪಕ್ಕದಲ್ಲಿ ಕೂತ 70 ಕೆಜಿಯ ಮಾವ, ಗುದ್ದಿದಾಗ ಬಂದು ಬೀಳುವುದು ಮಗುವಿನ ಮೇಲೆ. ಊರಿಂದ ಬರುವಾಗ ಹಿಂದಿನ ಸೀಟಿನ ಮೇಲೆ ಪೇರಿಸುವ ತೆಂಗಿನಕಾಯಿ, ಹಲಸಿನಹಣ್ಣು, ಕುಕ್ಕರ್ ಇವೂ ಹಾಗೆಯೇ. ಎಲ್ಲ ಡಿಕ್ಕಿಗೆ ಹೋಗಲಿ, ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಏನನ್ನೂ ಇಡಬೇಡಿ.

ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ ಎಂಬುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ಅದು ಊರ ಮಾತಾದದ್ದು 2022ರ ಸೆಪ್ಟೆಂಬರ್ 4ರಂದು, ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡಾಗ. ಮಕ್ಕಳ ಬಗ್ಗೆ ಪ್ರತ್ಯೇಕ ಕಲಮು ಬಂದದ್ದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ: ಕಲಮು 194ಬಿ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಕಾರು ಓಡಿಸಿದರೆ ₹1,000 ದಂಡ. ಈ ದಂಡ ಕಟ್ಟಿದವರನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಬೆಲ್ಟ್ ಹಾಕದೆಯೇ ಎಚ್ಚರಿಕೆಯ ಸದ್ದು ಅಡಗಿಸುವ ಹುಸಿ ಕ್ಲಿಪ್ಪುಗಳು ಆನ್‌ಲೈನ್ ಅಂಗಡಿಗಳಲ್ಲಿ ಎಷ್ಟು ಮಾರಾಟವಾಗುತ್ತಿದ್ದವೆಂದರೆ, 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಆದೇಶ ಹೊರಡಿಸಿ ಅವನ್ನು ತೆಗೆಸಬೇಕಾಯಿತು. ಸನ್‌ರೂಫಿನಿಂದ ಮಗುವಿನ ತಲೆ ಹೊರಗೆ ಹಾಕಿಸಿ ವಿಡಿಯೊ ತೆಗೆಯುವ ಹುಚ್ಚಿನ ಬಗ್ಗೆ ಬರೆಯುವುದೂ ಬೇಸರ. ಒಂದು ಹಂಪ್ಸ್ ಸಾಕು.

ಹೊಸ ಕಾರು ಕೊಳ್ಳುವವರು ಸುರಕ್ಷತೆಯ ನಕ್ಷತ್ರಗಳ ಲೆಕ್ಕವನ್ನು ಬಿಡಿಸಿ ನೋಡಬೇಕು. 2023ರ ಅಕ್ಟೋಬರ್‌ನಲ್ಲಿ ಶುರುವಾದ, ಕಾರುಗಳನ್ನು ಗುದ್ದಿಸಿ ನೋಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಅಂಕ. ಮಕ್ಕಳದ್ದು 49ಕ್ಕೆ. ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಮಗುವಿನ ಗಾತ್ರದ ಬೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕಟ್ಟಿಯೇ ಗುದ್ದಿಸುತ್ತಾರೆ, ಮಡಿಲಲ್ಲಿಟ್ಟಲ್ಲ. ಜಾಹೀರಾತಿನ ಐದು ನಕ್ಷತ್ರ ಯಾರಿಗೆ ಸಿಕ್ಕಿದ್ದು ಎಂದು ಷೋರೂಮಿನಲ್ಲಿ ಕೇಳಿ.

ಟ್ಯಾಕ್ಸಿಯ ಸಮಸ್ಯೆಗೆ ಪೂರ್ತಿ ಪರಿಹಾರವಿಲ್ಲ. ಆ್ಯಪ್‌ನಲ್ಲಿ ಕರೆದ ಗಾಡಿಯಲ್ಲಿ ಮಕ್ಕಳ ಸೀಟು ಸಿಗುವುದು ಅಪರೂಪ, ಹಿಂದಿನ ಬಕಲ್ ಸಿಕ್ಕರೇ ಪುಣ್ಯ. ದೊಡ್ಡ ಮಗುವಾದರೆ ಬೆನ್ನಿಲ್ಲದ ಬೂಸ್ಟರನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಬಹುದು, ಭಾರವೇನಿಲ್ಲ. ವಿಮಾನ ನಿಲ್ದಾಣದಿಂದ ದೂರದ ಊರಿಗೆ ಬಾಡಿಗೆ ಮಾಡುವಾಗ “ಹಿಂದೆ ಮೂರು ಬೆಲ್ಟೂ ಕೆಲಸ ಮಾಡ್ತಾವಾ ಅಣ್ಣ?” ಎಂದು ಮೊದಲೇ ಫೋನಿನಲ್ಲಿ ಕೇಳುವುದರಿಂದ ಅರ್ಧ ತಲೆನೋವು ತಪ್ಪುತ್ತದೆ. ಸ್ಕೂಟರಿನವರಿಗೆ ಬೇರೆ ನಿಯಮವಿದೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್, ಸವಾರನ ಮೈಗೆ ಕಟ್ಟುವ ಹಾರ್ನೆಸ್, ವೇಗ 40ರೊಳಗೆ.

ಅಳು

ಸೀಟು ಕೊಂಡ ಬಹಳ ಮನೆಗಳಲ್ಲಿ ಅದು ಕೆಲವೇ ತಿಂಗಳಲ್ಲಿ ಅಟ್ಟ ಸೇರುತ್ತದೆ. ಕಾರಣ ಒಂದೇ, ಮಗು ಅಳುತ್ತದೆ. ಆಸ್ಪತ್ರೆಯಿಂದ ಮನೆಗೆ ಬರುವ ಮೊದಲ ದಿನವೇ ಸೀಟಿನಲ್ಲಿ ತಂದ ಮಗುವಿಗೆ ಮಡಿಲೆಂಬ ಇನ್ನೊಂದು ದಾರಿ ಇದೆಯೆಂದೇ ಗೊತ್ತಿರುವುದಿಲ್ಲ. ಎರಡು ವರ್ಷ ಮಡಿಲಲ್ಲಿ ಆಡಿಸಿ, ಆಮೇಲೆ ಒಂದು ದಿನ ಕಟ್ಟಿ ಕೂರಿಸಿದರೆ ಅಳದೆ ಏನು ಮಾಡೀತು? ತಡವಾಗಿ ಶುರು ಮಾಡಿದವರು ಸೀಟನ್ನು ಮೊದಲು ಮನೆಯೊಳಗೆ ತಂದಿಡಿ. ಟಿ.ವಿ. ಮುಂದೆ ಅದರಲ್ಲೇ ಕೂತು ಆಡಲಿ, ತಿನ್ನಲಿ. ಮೊದಲ ಸವಾರಿ ಹತ್ತು ನಿಮಿಷದ್ದಿರಲಿ. ಒಂದು ಸಲ ಅಳುವಿಗೆ ಸೋತು ಬಿಚ್ಚಿದಿರೋ, ಅಳು ಕೆಲಸ ಮಾಡುತ್ತದೆಂದು ಮಗುವಿಗೆ ಪಾಠವಾಗುತ್ತದೆ. ಮೂರು ವರ್ಷದ ಪೋರ ತಾನೇ ಬಕಲ್ ಬಿಚ್ಚುವುದನ್ನು ಕಲಿತರೆ ಬಯ್ಯುವುದಕ್ಕಿಂತ ಕಾರು ಬದಿಗೆ ನಿಲ್ಲಿಸಿ ಸುಮ್ಮನೆ ಕೂರಿ. ಬೆಲ್ಟ್ ಹಾಕದೆ ಗಾಡಿ ಹೊರಡದು ಎಂಬುದು ಬೇಗ ಅರ್ಥವಾಗುತ್ತದೆ.

ಎಳೆಗೂಸಿನ ವಿಷಯ ಹಾಗಲ್ಲ, ಅದು ಅಳುವುದು ಹಸಿವಿಗೆ, ಸೆಕೆಗೆ. ಚಲಿಸುವ ಕಾರಿನಲ್ಲಿ ಬಿಚ್ಚಿ ಹಾಲೂಡಿಸದೆ, ನಿಲ್ಲಿಸಿ ಊಡಿಸಿ. ಎರಡು ಗಂಟೆಗೊಮ್ಮೆ ಸೀಟಿನಿಂದ ಎತ್ತಿ ಮೈ ಸಡಿಲಿಸಬೇಕು. ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿಗೆ ತೊಡಕು, ಹಾಗಾಗಿ ಸೀಟಿನ ಇಳಿಜಾರನ್ನು ಕೈಪಿಡಿ ಹೇಳಿದಂತೆ ಇಡಿ. ಮನೆ ಮುಟ್ಟಿದ ಮೇಲೂ “ಮಲಗಿದೆ, ಎಬ್ಬಿಸೋದು ಬೇಡ” ಎಂದು ಅದರಲ್ಲೇ ಬಿಡಬೇಡಿ. ನಿಲ್ಲಿಸಿದ ಕಾರಿನೊಳಗೆ ಒಂಟಿಯಾಗಿ ಬಿಡುವುದಂತೂ ಐದು ನಿಮಿಷಕ್ಕೂ ಬೇಡ, ಗಾಜು ಇಳಿಸಿದ್ದರೂ ಒಳಗಿನ ಸೆಕೆ ಬೇಗ ಏರುತ್ತದೆ. ಘಾಟಿ ತಿರುವಿನಲ್ಲಿ ವಾಂತಿಯಾಗುವ ಮಗುವಿಗೆ ಹೊರಡುವ ಮುನ್ನ ಹೊಟ್ಟೆ ಬಿರಿಯುವಂತೆ ತಿನ್ನಿಸದಿದ್ದರೆ ಸಾಕಷ್ಟು ತೊಂದರೆ ತಪ್ಪುತ್ತದೆ. ಆದರೂ ವಾಂತಿಯಾದರೆ ಸೀಟಿನ ಬಟ್ಟೆ ಬಿಚ್ಚಿ ಒಗೆಯಬಹುದು. ಪಟ್ಟಿಗಳನ್ನು ಮಾತ್ರ ವಾಷಿಂಗ್ ಮೆಷಿನ್ನಿಗೆ ಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿರುಸು ಸಾಬೂನು ನೂಲನ್ನು ತಿನ್ನುತ್ತದೆ.

ಜೋರಾಗಿ ಗುದ್ದಿದ ಕಾರಿನಲ್ಲಿದ್ದ ಸೀಟನ್ನು ಹೊರಗೆ ಏನೂ ಆಗಿಲ್ಲವೆಂದು ಕಂಡರೂ ಮತ್ತೆ ಬಳಸಬಾರದು, ಒಳಗೆ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಅವಧಿ ಮುಗಿದದ್ದೂ ಅಷ್ಟೇ. ಅಂಥ ಸೀಟನ್ನು ಹಾಗೆಯೇ ಗುಜರಿಗೆ ಕೊಟ್ಟರೆ ಒರೆಸಿ, ಯಾರಿಗೋ ಮಾರಿಬಿಡುತ್ತಾರೆ. ಮೊದಲು ಕತ್ತರಿ ತಂದು ಹಾರ್ನೆಸ್ಸಿನ ಐದೂ ಪಟ್ಟಿಗಳನ್ನು ಕತ್ತರಿಸಿ. ಬೂಸ್ಟರಾದರೆ ಚಿಪ್ಪಿನ ಮೇಲೆ ‘ಬಳಸಬೇಡಿ’ ಎಂದು ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ ಬರೆದು ಆಮೇಲೆ ಗುಜರಿಯವನಿಗೆ ಕೊಡಿ.